ಮೂರು ಬೆರಳ ಸಂದು

ಸೋಪು ಬಿರುಕು ಬಿಟ್ಟಿತ್ತು.

ಟಬ್ಬು ಉಜ್ಜಲೆಂದು ಬಗ್ಗಿದ್ದ ಸೊಸೆ, ಗೋಡೆ ಪಕ್ಕದ ಪಟ್ಟಿಯ ಮೇಲಿದ್ದ ಆ ಸೋಪನ್ನು ಎತ್ತಿ ಆಚೆ ಇಡಲು ಹೋದಾಗ ಅದು ಟಕ್ಕೆಂದು ಕೈಗೆ ಬಂತು. ದಿನಾ ನೀರು ಕಾಣುವ ಸೋಪು ಹಾಗೆ ಬರುವುದಿಲ್ಲ, ಅಂಟಿಕೊಳ್ಳುತ್ತದೆ, ಜಾರುತ್ತದೆ. ಇದು ಕಲ್ಲಿನ ಹಾಗೆ ಒಣಗಿ ಉದ್ದಕ್ಕೂ ಸೀಳಿತ್ತು. ಮೇಲೆ ಒತ್ತಿದ ಅಕ್ಷರಗಳು ಕೂಡ ಅಳಿಸಿರಲಿಲ್ಲ. ಅದು ಅತ್ತೆಯ ಸೋಪು. ಸೊಸೆಯದು ನಲ್ಲಿಯ ಪಕ್ಕದಲ್ಲಿ ಅರ್ಧ ಸವೆದು ಮೆತ್ತಗೆ ಕೂತಿತ್ತು.

ಅವಳು ಮೊಳೆಗೆ ನೇತುಹಾಕಿದ್ದ ಅತ್ತೆಯ ಟವೆಲನ್ನು ಮುಟ್ಟಿ ನೋಡಿದಳು. ಮಡಿಸಿದ ಗೆರೆ ಹಾಗೇ ಇತ್ತು. ಅತ್ತೆ ಮಾತ್ರ ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಒಳಗೇ ಏನೋ ಗುನುಗುತ್ತಾ ಬೇಕಾದಷ್ಟು ಹೊತ್ತು ಇದ್ದು, ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬರುತ್ತಿದ್ದಳು.

ಕೆಳಗಿನಿಂದ ಗಡಿಯಾರದವರ ಶಿಳ್ಳೆ ಕೇಳಿಸುತ್ತಿತ್ತು. ಅವರು ಶಿಳ್ಳೆ ಹಾಕುತ್ತಿದ್ದಾರೆಂದರೆ ಮೇಲಿನಿಂದ ಹನಿ ಬೀಳುತ್ತಿಲ್ಲ ಎಂದು ಅರ್ಥ.

ಗಡಿಯಾರದವರೆಂದರೆ ಮನೆಯ ಮಾಲೀಕರು. ಕೆಳಗಿನ ಮನೆಯಲ್ಲಿ ಕಿಟಕಿ ಪಕ್ಕ ಮೇಜು ಹಾಕಿಕೊಂಡು ವಾಚು ರಿಪೇರಿ ಮಾಡುತ್ತಾರೆ. ಆ ಮೇಜು ಸರಿಯಾಗಿ ಈ ಬಚ್ಚಲಮನೆಯ ಕೆಳಗೇ ಬರುತ್ತದೆ. ಬೆಳಕು ಬರುವ ಕಿಟಕಿ ಅದೊಂದೇ ಆದ್ದರಿಂದ ಮೇಜು ಸರಿಸುವ ಹಾಗಿಲ್ಲ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಚಕ್ರಗಳನ್ನು ಜೋಡಿಸುತ್ತಾ ಆಯುಷ್ಯ ಕಳೆದವರು. ಕೋಪ ಬರುವುದು ನಿಧಾನ, ಬಂದದ್ದು ಇಳಿಯುವುದೂ ಅಷ್ಟೇ ನಿಧಾನ.

ಇನ್ನು ಟಬ್ಬಿನ ಕಥೆ. ಯಾವುದೋ ಹಳೆಯ ಹೋಟೆಲು ಕೆಡವುವಾಗ ಅದನ್ನು ಹೊರಿಸಿಕೊಂಡು ಬಂದದ್ದು ಸೊಸೆಯ ಗಂಡ. ಅಮ್ಮನಿಗೆ ಮಂಡಿ ನೋವು, ನೆಲದ ಮೇಲೆ ಕೂತು ಏಳಲು ಆಗುವುದಿಲ್ಲ, ಬಿಸಿನೀರಲ್ಲಿ ಕಾಲು ಚಾಚಿ ಕೂರಲಿ ಎಂದು ತಂದಿದ್ದ. ಮನಸ್ಸು ಒಳ್ಳೆಯದೇ. ಆದರೆ ಆಸಾಮಿ ಶುರು ಮಾಡುವುದರಲ್ಲಿ ಎತ್ತಿದ ಕೈ, ಮುಗಿಸುವ ಹೊತ್ತಿಗೆ ಆ ಕೈಯೇ ಕಾಣಿಸುತ್ತಿರಲಿಲ್ಲ. ಜಾಗದ ಅಳತೆ ನೋಡದೆ ತಂದ ಟಬ್ಬು ಗೋಡೆಗೆ ಮುಟ್ಟಲಿಲ್ಲ. ಉದ್ದಕ್ಕೂ ಮೂರು ಬೆರಳಗಲ ಸಂದು ಉಳಿಯಿತು. ಅದರ ಮೇಲೊಂದು ಹಲಗೆ ಮಲಗಿಸಿ, "ಮುಂದಿನ ವಾರ ಅಳತೆಗೆ ಸರಿಯಾಗಿ ಕಲ್ಲು ಕತ್ತರಿಸಿ ತರ್ತೀನಿ" ಎಂದಿದ್ದ. ಆ ಮುಂದಿನ ವಾರ ಬರುವ ಮೊದಲೇ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ. ಅಲ್ಲೇ ಬೇರೆಯವಳ ಜೊತೆ ಸಂಸಾರ ಹೂಡಿದ ಸುದ್ದಿ ಬಂತು. ಹೆಂಡತಿಗಿರಲಿ, ತಾಯಿಗೂ ಒಂದು ಫೋನು ಮಾಡಲಿಲ್ಲ.

"ಗಂಡನೇ ಬಿಟ್ಟು ಹೋದ ಮೇಲೆ ಅವನಮ್ಮನ್ನ ಯಾಕೆ ಇಟ್ಕೊಂಡಿದೀಯಾ?" ಎಂದು ಸೊಸೆಯನ್ನು ಕೇಳದವರಿಲ್ಲ. ಸರಿಯಾದ ಉತ್ತರ ಅವಳಿಗೂ ಗೊತ್ತಿರಲಿಲ್ಲ. "ಮನೇಲಿ ಒಬ್ಬರು ಇದ್ರೆ ಕಳ್ಳರು ಬರಲ್ಲ" ಎನ್ನುತ್ತಿದ್ದಳು. ಅತ್ತೆಯನ್ನು ಕೇಳಿದವರಿಗೆ ಅತ್ತೆ, "ಅದಕ್ಕೆ ನೆಟ್ಟಗೆ ಅನ್ನ ಬಸಿಯೋಕೂ ಬರಲ್ಲ, ಉಪವಾಸ ಬಿದ್ದೀತು ಅಂತ ಇದೀನಿ" ಎನ್ನುತ್ತಿದ್ದಳು. ಇಬ್ಬರೂ ಈ ಉತ್ತರಗಳನ್ನು ಒಬ್ಬರಿಗೊಬ್ಬರು ಕೇಳಿಸುವ ಹಾಗೇ ಹೇಳುತ್ತಿದ್ದರು.

ಸಂದು ಮುಚ್ಚಲು ಸೊಸೆ ಪಟ್ಟ ಪಾಡು ಒಂದೆರಡಲ್ಲ. ಮೊದಲ ಸಲ ಸಿಲಿಕಾನ್ ಅಂಟಿನ ಟ್ಯೂಬು ತಂದು ಗನ್ನಿಗೆ ಹಾಕಿ ಹಿಂಡಿದರೆ, ಟ್ಯೂಬಿಗೆ ಟ್ಯೂಬೇ ಸಂದಿನೊಳಗೆ ಇಳಿದು ಮಾಯವಾಯಿತು. ಆಮೇಲೆ ಚಿಂದಿ ಬಟ್ಟೆ ತುರುಕಿ ಮೇಲೆ ಸಿಮೆಂಟು ಮೆತ್ತಿದಳು. ಅದು ಒಡೆಯಿತು. ಕೊನೆಗೆ ತಾನು ಕೆಲಸ ಮಾಡುವ ಫೋಟೋ ಫ್ರೇಮಿನ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಅಳತೆಗೆ ಕತ್ತರಿಸಿ ತಂದು, ಸಂದಿನ ಮೇಲೆ ಕೂರಿಸಿ, ಗೋಡೆಯ ಕಡೆಗೊಂದು ಟಬ್ಬಿನ ಕಡೆಗೊಂದು ಸಿಲಿಕಾನ್ ಗೆರೆ ಎಳೆದಳು. ಗಾಜು ಕತ್ತರಿಸಿ ಪಳಗಿದ ಕೈ. ಗೆರೆ ಫ್ರೇಮಿನ ಅಂಚಿನಷ್ಟೇ ನೆಟ್ಟಗೆ ಬಂತು. ಅಂಗಡಿಯಲ್ಲಿ ಎಲ್ಲರಿಗೂ ಫೋನಿನಲ್ಲಿ ಫೋಟೋ ತೋರಿಸಿದ್ದಳು. ಅದೂ ಸೋರಿತು.

ಆಗ ಗಡಿಯಾರದವರು ಮೇಲೆ ಬಂದು, "ನೋಡಮ್ಮ, ಇದು ಮುಚ್ಚೋ ಕೆಲಸ ಅಲ್ಲ, ಕೀಳೋ ಕೆಲಸ. ಟಬ್ಬು ತೆಗೆಸಿ ನೆಲ ಮಾಡಿಸಿಬಿಡ್ತೀನಿ. ಅಮ್ಮ ಒಂದು ಸ್ಟೂಲ್ ಹಾಕ್ಕೊಂಡು ಕೂತು ನೀರು ಹಾಕ್ಕೊಳ್ಳಲಿ" ಎಂದಿದ್ದರು. ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಅವರು ಮೆಟ್ಟಿಲಿಳಿದ ಮೇಲೆ ಅತ್ತೆ, "ಟಬ್ಬು ಹೋದ ದಿನ ನಾನೂ ಹೋಗ್ತೀನಿ, ಮಗಳ ಮನೆಗೆ. ನನ್ನ ಮಗ ಹೊತ್ತು ತಂದು ಕೂರಿಸಿದ್ದನ್ನ ಕಿತ್ತ ಜಾಗದಲ್ಲಿ ಕೂತು ನೀರು ಹೊಯ್ಕೊಳ್ಳೋ ಹಣೆಬರಹ ನಂಗೆ ಬೇಡ" ಎಂದಳು.

ಮಗಳ ಮನೆ ಹೇಗಿದೆಯೆಂದು ಸೊಸೆಗೆ ಗೊತ್ತಿತ್ತು. ಅಲ್ಲಿ ಅತ್ತೆಗೆ ಸಿಗುವುದು ಪಡಸಾಲೆಯಲ್ಲಿ ಒಂದು ಮಡಿಸುವ ಮಂಚ. ಅತ್ತೆ ಒಳಗೆ ಕಾಲಿಟ್ಟರೆ ಅಳಿಯ ಮಾತು ನಿಲ್ಲಿಸಿ ಟಿವಿಯ ಕಡೆ ತಿರುಗುತ್ತಾನೆ. ಹೋದ ಸಲ ಅಲ್ಲಿಂದ ವಾಪಸು ಬಂದ ಅತ್ತೆ ಎರಡು ದಿನ ಯಾರನ್ನೂ ಬೈದಿರಲಿಲ್ಲ. ಸೊಸೆಗೆ ಅದೇ ಭಯ ಹುಟ್ಟಿಸಿತ್ತು.

ಅದಾದ ಮೇಲೆ ಅವಳು ಹಳೆಯ ಗೆರೆಯ ಮೇಲೆ ಇನ್ನೊಂದು ಗೆರೆ ಸಿಲಿಕಾನ್ ಎಳೆದಿದ್ದಳು. ಸೋರುವುದು ನಿಂತೇಹೋಯಿತು. ಗಡಿಯಾರದವರು ಗಾರೆಯವನಿಗೆ ಸದ್ಯಕ್ಕೆ ಬೇಡ ಎಂದರು. ತಾನೇ ಗೆದ್ದೆನೆಂದು ಸೊಸೆ ಬೀಗಿದ್ದಳು. ಈಗ ನೋಡಿದರೆ ಕೈಯಲ್ಲಿ ಈ ಸೋಪು.

ಅವಳು ಅಡುಗೆಮನೆಗೆ ಹೋದಳು. ಭಾನುವಾರ, ಅತ್ತೆ ಕುರ್ಚಿಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಸೊಸೆ ಸೋಪನ್ನು ಸಿಪ್ಪೆಯ ಪಕ್ಕದಲ್ಲಿಟ್ಟಳು.

"ಇದೇನೇ, ಸಾರಿಗೆ ಹಾಕ್ಬೇಕಾ?"

"ನೋಡಿ."

"ನೋಡ್ದೆ. ಸೋಪು."

"ಒಣಗಿದೆ."

"ಒಳ್ಳೇ ಸೋಪು ಒಣಗತ್ತೆ. ನೀನು ತರೋದೆಲ್ಲ ಕರಗೋ ಜಾತಿ."

"ಅತ್ತೆ, ಬಿರುಕು ಬಿಟ್ಟಿದೆ. ನೀವು ಸ್ನಾನ ಮಾಡಿ ಎಷ್ಟು ದಿನ ಆಯ್ತು?"

ಚಾಕು ನಿಂತಿತು. "ದಿನಾ ಮಾಡ್ತೀನಲ್ಲ. ನೀರಿನ ಸದ್ದು ನೀನೇ ಕೇಳ್ತೀಯಲ್ಲ."

"ಕೇಳ್ತೀನಿ. ಬಕೆಟ್ಟಿಗೆ ಬೀಳೋ ಸದ್ದು."

ಅತ್ತೆ ಇನ್ನೊಂದು ಈರುಳ್ಳಿ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದಳು. ಅದಾಗಲೇ ಅಗತ್ಯಕ್ಕಿಂತ ಹೆಚ್ಚು ಈರುಳ್ಳಿ ಹೆಚ್ಚಿ ಆಗಿತ್ತು. "ಬಟ್ಟೆ ಅದ್ದಿ ಒರೆಸ್ಕೋತೀನಿ. ಅದೂ ಸ್ನಾನಾನೇ. ಆಸ್ಪತ್ರೇಲಿ ಹಾಗೇ ಮಾಡಿಸ್ತಾರೆ."

"ಇದು ಆಸ್ಪತ್ರೆನಾ?"

"ನೀನು ನಿಂತ್ಕೊಂಡು ನಾಲ್ಕು ಚೊಂಬು ಹುಯ್ಕೊಂಡು ಬರ್ತೀಯಾ, ಆಗ ಸೋರಲ್ಲ. ನಾನು ಕೂತ್ರೆ ಸೋರತ್ತೆ. ಅಮ್ಮ ಸ್ನಾನಕ್ಕೆ ಇಳಿದಾಗಲೇ ಹನಿ ಬೀಳತ್ತೆ ಅಂತ ಗಡಿಯಾರದವರು ನಿನ್ನ ಹತ್ರ ಮೆಟ್ಟಿಲ ಮೇಲೆ ಹೇಳ್ತಿದ್ದಿದ್ದು ನಂಗೂ ಕೇಳಿಸ್ತು. ಕಿವಿಗೇನೂ ಮಂಡಿ ನೋವಿಲ್ಲ." ಆಮೇಲೆ ಅತ್ತೆ ದನಿ ಇಳಿಸಿ, ಸೊಸೆಯ ಮುಖ ನೋಡದೆ ಕೇಳಿದಳು: "ವಾಸನೆ ಬರ್ತಿದ್ಯಾ?"

"ಇಲ್ಲ," ಎಂದಳು ಸೊಸೆ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು.

ಸೋಪನ್ನು ಒದ್ದೆ ಮಾಡಿ ಇದ್ದಲ್ಲೇ ಇಟ್ಟು ಸುಮ್ಮನಾಗಬಹುದಿತ್ತು. ಕೆಳಗಿನ ಮನೆಯ ಮಾಡು ಒಣಗಿರುತ್ತದೆ, ಅಲ್ಲಿ ಶಿಳ್ಳೆ ನಡೆಯುತ್ತಿರುತ್ತದೆ, ಅತ್ತೆ ಇಲ್ಲೇ ಇರುತ್ತಾಳೆ. ಯಾರಿಗೂ ನಷ್ಟವಿಲ್ಲ. ಆದರೆ ಕೈಬೆರಳು ಸುಕ್ಕಾಗುವ ತನಕ ಬಿಸಿನೀರಲ್ಲಿ ಕೂತು, "ಸಾಕು ಅನ್ನಿಸ್ತು" ಎಂದು ಹೊರಗೆ ಬರುತ್ತಿದ್ದ ಹೆಂಗಸು ತಣ್ಣನೆ ಬಟ್ಟೆಯಿಂದ ಮೈ ಒರೆಸಿಕೊಂಡು, ಹೊರಗೆ ಕೇಳಿಸಲಿ ಎಂದು ಹಾಡು ಗುನುಗುತ್ತಾಳೆ. ಅದನ್ನು ತಿಳಿದ ಮೇಲೆ ಹೊಟ್ಟೆಗೆ ಹಾಕಿಕೊಂಡು ಅಂಗಡಿಗೆ ಹೋಗಿ ಗಾಜು ಕತ್ತರಿಸುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

"ಏಳಿ. ನೀರು ಕಾಯಿಸ್ತೀನಿ. ನೀವು ಸ್ನಾನ ಮಾಡಿ, ನಾನು ಒಳಗೇ ಇದ್ದು ಎಲ್ಲಿ ಸೋರತ್ತೆ ನೋಡ್ತೀನಿ."

"ನೀನು ಒಳಗಾ? ನಮ್ಮಮ್ಮ ಬಿಟ್ರೆ ನನ್ನ ಸ್ನಾನ ಯಾರೂ ನೋಡಿಲ್ಲ."

"ನಾನು ನಿಮ್ಮನ್ನ ನೋಡಲ್ಲ. ಸಂದು ನೋಡ್ತೀನಿ."

"ಹಾಗಂತ ಬಂದೋರೇ ಎಲ್ಲಾ ನೋಡ್ಕೊಂಡು ಹೋಗೋದು."

"ನೋಡಿದ್ರೆ ಏನೀಗ, ಟಿಕೆಟ್ ಇಟ್ಟಿದೀರಾ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇಡವೆನ್ನುವುದು ಕಷ್ಟ.

ಅತ್ತೆ ಹಳೆಯ ಲಂಗವನ್ನು ಎದೆಗೆ ಕಟ್ಟಿಕೊಂಡು ಬಂದಳು. ಟಬ್ಬಿನ ಅಂಚಿಗೆ ಕೂತು, ಎರಡೂ ಕೈಯಿಂದ ಒಂದು ಕಾಲನ್ನು ಎತ್ತಿ ಒಳಗಿಟ್ಟಳು, ಆಮೇಲೆ ಇನ್ನೊಂದನ್ನು. ಯಾರದೋ ಸಾಮಾನು ಎತ್ತಿಡುವ ಹಾಗೆ. ಸೊಸೆ ಗೋಡೆಗೆ ಕೆನ್ನೆ ಒತ್ತಿ, ಪಟ್ಟಿಯ ಉದ್ದಕ್ಕೂ ಟಾರ್ಚು ಬಿಟ್ಟಳು. ಸಿಲಿಕಾನ್ ಗೆರೆ ಎಲ್ಲೂ ತಪ್ಪಿಲ್ಲದೆ ಹೊಳೆಯಿತು. ದಿನಾ ಅವಳಿಗೆ ಕಾಣುತ್ತಿದ್ದದ್ದು ಅದೇ.

ಅತ್ತೆ ಮೆಲ್ಲಗೆ ಕೆಳಗಿಳಿದು ಕೂತಳು. ಗೆರೆ ಕಣ್ಣು ಬಿಟ್ಟಂತೆ ಬಾಯಿ ಬಿಟ್ಟಿತು. ಸದ್ದೇನೂ ಇಲ್ಲ. ಪಟ್ಟಿಗೂ ಟಬ್ಬಿಗೂ ನಡುವೆ ಕೂದಲೆಳೆಯಷ್ಟು ಕಪ್ಪು, ಒಂದು ಕೊನೆಯಿಂದ ಇನ್ನೊಂದು ಕೊನೆಯ ತನಕ.

"ಏಳಿ."

"ಈಗ ತಾನೇ ಕೂತೆ."

"ಒಂದ್ಸಲ ಏಳಿ ಅತ್ತೆ."

ಅತ್ತೆ ಅಂಚು ಹಿಡಿದು ಎದ್ದಳು. ಕಪ್ಪು ಮುಚ್ಚಿಕೊಂಡಿತು. ಕೂತಳು, ತೆರೆಯಿತು. "ನಾನೇನು ಕಸರತ್ತಿಗೆ ಬಂದಿದೀನಾ?" ಎಂದಳು ಅತ್ತೆ. ಸೊಸೆ ಒಂದು ಚೊಂಬು ನೀರನ್ನು ಪಟ್ಟಿಯ ಮೇಲೆ ಸುರಿದಳು. ನೀರು ಒಂದು ಗಳಿಗೆ ನಿಂತು, ಆ ಕೂದಲೆಳೆಯೊಳಕ್ಕೆ ಸುಮ್ಮನೆ ಇಳಿದುಹೋಯಿತು.

ಕೆಳಗೆ ಶಿಳ್ಳೆ ನಿಂತಿತು. ಕುರ್ಚಿ ಸರಿದ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿ.

ಸೊಸೆ ಬಚ್ಚಲಮನೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಗಡಿಯಾರದವರು ಮಸೂರವನ್ನು ಹಣೆಯ ಮೇಲೇರಿಸಿಕೊಂಡು ನಿಂತಿದ್ದರು. ಅಂಗೈಯಲ್ಲಿ ಹೊಟ್ಟೆ ಬಿಚ್ಚಿದ ಒಂದು ವಾಚು, ಅದರ ಮೇಲೆ ದುಂಡಗಿನ ಒಂದು ಹನಿ.

"ನಾನು ಕೋಪ ಮಾಡ್ಕೊಂಡಿಲ್ಲಮ್ಮ," ಎಂದರು. "ಕೋಪ ಬಂದಿದ್ರೆ ಬೈದು ಹಗುರ ಆಗ್ತಿದ್ದೆ. ಇದನ್ನ ಬಿಚ್ಚಿ ಒಣಗಿಸ್ತೀನಿ, ಸರಿ ಹೋಗತ್ತೆ. ಆದ್ರೆ ನಾಳೆ ಬೆಳಗ್ಗೆ ಗಾರೆಯವನು ಬರ್ತಾನೆ. ಸ್ಟೂಲು ನಾನೇ ಕೊಡ್ತೀನಿ, ಗಟ್ಟಿ ಸ್ಟೂಲು." ಅಷ್ಟು ಹೇಳಿ, ಹನಿ ಚೆಲ್ಲದ ಹಾಗೆ ಅಂಗೈಯನ್ನು ಸಮವಾಗಿ ಹಿಡಿದುಕೊಂಡು ಇಳಿದುಹೋದರು.

ಸೊಸೆ ಒಳಗೆ ಹೋಗುವಷ್ಟರಲ್ಲಿ ಅತ್ತೆ ಎದ್ದು ಟವೆಲು ಸುತ್ತಿಕೊಂಡಿದ್ದಳು. ಕಾಯಿಸಿದ ನೀರು ಬಕೆಟ್ಟಿನಲ್ಲಿ ಹಾಗೇ ಉಳಿಯಿತು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಬೀರುವಿನ ಬಾಗಿಲು ಕಿರುಗುಟ್ಟಿತು. ಮಂಚದ ಮೇಲೆ ಚೀಲ ತೆರೆದುಕೊಂಡಿತ್ತು, ಅತ್ತೆ ಸ್ವೆಟರು ಮಡಿಸುತ್ತಿದ್ದಳು.

"ಎಲ್ಲಿಗೆ?"

"ಗೊತ್ತಿಲ್ವಾ ನಿಂಗೆ?"

ಸೊಸೆ ಬಾಗಿಲಿಗೆ ಒರಗಿ ನಿಂತಳು. ಹೋಗಬೇಡಿ ಎನ್ನುವ ಮಾತು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿ ಅಭ್ಯಾಸವಿರಲಿಲ್ಲ. ಒಂದು ಸಲ ಅದನ್ನು ಗಂಡನಿಗೆ ಹೇಳಿ ನೋಡಿದ್ದಳು, ಕೆಲಸಕ್ಕೆ ಬಂದಿರಲಿಲ್ಲ.

"ನೀವು ಹೋದ್ರೆ ನಾನು ಬೆಳಗ್ಗೆ ಎದ್ದು ಯಾರ ಹತ್ರ ಜಗಳ ಆಡ್ಲಿ?" ಎಂದಳು.

ಅತ್ತೆ ಮಡಿಸಿದ ಸ್ವೆಟರನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಗೆರೆ ಎಳೆದಿದ್ದು ತಪ್ಪಲ್ಲ ಅತ್ತೆ. ನೀವು ಕೂತಾಗ ಟಬ್ಬೇ ಕೆಳಗಿಳಿಯತ್ತೆ. ಕೆಳಗೆ ಏನಿದೆಯೋ ಏನೋ. ಮುಂದುಗಡೆ ಟೈಲ್ಸ್ ಮೆತ್ತಿ ಮುಚ್ಚಿಬಿಟ್ಟಿದಾರೆ, ನೋಡೋಕೂ ಆಗಲ್ಲ."

"ಮರದ ಚೂರು," ಎಂದಳು ಅತ್ತೆ.

"ಏನು?"

"ಕೆಳಗಿರೋದು. ಹಲಗೆ ಚೂರುಗಳು." ಅತ್ತೆ ಮಂಚದ ಅಂಚಿಗೆ ಕೂತಳು. "ಅವನು ಕೂರಿಸ್ಬೇಕಾದ್ರೆ ನಾನೇ ಟಾರ್ಚು ಹಿಡ್ಕೊಂಡಿದ್ದೆ. ಕಾಲಿನ ಕೆಳಗೆ ಇಟ್ಟಿಗೆ ಇಡಪ್ಪಾ ಅಂದೆ. ನಾಳೆ ಇಡ್ತೀನಿ ಅಂದ. ಮಾರನೇ ದಿನ ಬೆಳಗ್ಗೆ ಟೈಲ್ಸ್ ಅಂಟಿಸೋ ಗಾರೆ ಕಲಸಿಬಿಟ್ಟಿದ್ದ, ಗಟ್ಟಿಯಾಗತ್ತೆ ಅಂತ ಅದನ್ನೇ ಅಂಟಿಸ್ದ. ‘ಅಮ್ಮಾ ನೀನು ಸುಮ್ನಿರು, ಇದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ’ ಅಂದ."

"ಮತ್ತೆ ಇಷ್ಟು ದಿನ ನಾನು ಸಿಮೆಂಟು, ಚಿಂದಿ ಅಂತ ಒದ್ದಾಡ್ತಿದ್ರೆ ನೋಡ್ಕೊಂಡಿದ್ರಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ?"

ಅತ್ತೆ ಚೀಲದ ಜಿಪ್ಪನ್ನು ಅರ್ಧ ಎಳೆದು ನಿಲ್ಲಿಸಿದಳು. "ನೀನು ಅವನ ಬಗ್ಗೆ ಏನೆಲ್ಲಾ ಅಂದಿದೀಯಾ. ಒಂದಕ್ಕೂ ನಾನು ಎದುರು ಮಾತಾಡಿಲ್ಲ. ಎಲ್ಲಾ ನಿಜಾನೇ. ಇನ್ನು ನನ್ನ ಬಾಯಲ್ಲೂ ಒಂದು ಬಂದುಬಿಟ್ರೆ, ಅವನ ಕಡೆಗೆ ಅಂತ ಯಾರೂ ಉಳಿಯಲ್ವಲ್ಲಾ ಅಂತ."

ಗಂಡನ ಮೇಲೆ ಹೇಳಲು ಸೊಸೆಯಲ್ಲಿ ಇನ್ನೂ ಬೇಕಾದಷ್ಟಿತ್ತು. ಅದರಲ್ಲಿ ಯಾವುದೂ ಈಗ ಬಾಯಿಗೆ ಬರಲಿಲ್ಲ. ಅವಳು ಬಂದು ಮಂಚದ ಇನ್ನೊಂದು ಕೊನೆಯಲ್ಲಿ ಕೂತಳು.

"ಟಬ್ಬು ತಂದಿದ್ದು ನಿಮ್ಮ ಮಂಡಿಗೋಸ್ಕರಾನೇ. ಅದು ಸುಳ್ಳಲ್ಲ."

"ತಂದಿದ್ದು ಸರಿ," ಎಂದಳು ಅತ್ತೆ. ಆಮೇಲೆ, ಗೋಡೆಗೆ ಹೇಳುವ ಹಾಗೆ, "ಕೂರಿಸಿದ್ದು ಸರಿಯಿಲ್ಲ" ಎಂದಳು.

ಫ್ರೇಮಿನ ಅಂಗಡಿಯಲ್ಲಿ ಚೌಕಟ್ಟಿಗೆ ಅಂಟು ಹಾಕಿದ ಮೇಲೆ ಅದರ ಮೇಲೆ ಭಾರ ಹೇರಿ ಇಡುತ್ತಾರೆ. ಭಾರ ಹೊತ್ತೇ ಒಣಗಿದ ಅಂಟು ಆಮೇಲೆ ಎಳೆದರೂ ಬಿಡುವುದಿಲ್ಲ. ದಿನಾ ಮಾಡುವ ಕೆಲಸ. ಅದು ಮನೆಯ ಬಚ್ಚಲಿಗೂ ಹೊಂದುತ್ತದೆಂದು ಸೊಸೆಗೆ ಹೊಳೆದದ್ದು ಆಗಲೇ. ಅವಳು ಇಷ್ಟು ದಿನ ಖಾಲಿ ಟಬ್ಬಿಗೆ ಗೆರೆ ಎಳೆದಿದ್ದಳು. ಟಬ್ಬು ಕೆಳಗಿಳಿದು ನಿಂತಾಗ ಎಳೆಯಬೇಕಿತ್ತು.

"ನೀರು ತುಂಬಿಸಿದ್ರೆ ಆಗತ್ತೆ," ಎಂದಳು, ತನಗೆ ತಾನೇ. "ಆದ್ರೆ ಅದರ ತೂತಿಗೆ ಮುಚ್ಚಳಾನೇ ಇಲ್ಲ. ಸ್ನಾನಕ್ಕೆ ನೀವು ತುರುಕ್ತಿದ್ದ ಬಟ್ಟೆ ಎಷ್ಟು ಹೊತ್ತು ನೀರು ತಡೆಯತ್ತೆ."

"ಯಾರು ಕೂತ್ರೆ ಇಳಿಯತ್ತೆ?"

"ನೀವು."

"ಮತ್ತೆ ನಾನೇ ಕೂತ್ಕೋತೀನಿ," ಎಂದು ಅತ್ತೆ ಎದ್ದು, ಚೀಲದಿಂದ ಸ್ವೆಟರು ತೆಗೆದು ಹಾಕಿಕೊಂಡಳು. "ಒಣ ಟಬ್ಬು ತಣ್ಣಗಿರತ್ತೆ."

ಸೊಸೆ ಕೆಳಗೆ ಹೋದಳು. ಗಡಿಯಾರದವರು ಬಿಚ್ಚಿದ ವಾಚಿನ ತುಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿಕೊಂಡು ಕೂತಿದ್ದರು.

"ಅಣ್ಣ, ಇಷ್ಟು ದಿನ ಸೋರ್ಲಿಲ್ಲ ಅಲ್ವಾ, ಅದು ನಾನು ಸರಿ ಮಾಡಿದ್ದಕ್ಕಲ್ಲ. ಅತ್ತೆ ಸ್ನಾನಾನೇ ಮಾಡ್ತಿರ್ಲಿಲ್ಲ. ನಿಮ್ಮ ಮೇಜಿನ ಮೇಲೆ ಬೀಳತ್ತೆ ಅಂತ."

ಅವರು ಮಸೂರ ತೆಗೆದರು. "ಇಷ್ಟು ದಿನಾನೂ?"

"ಇಷ್ಟು ದಿನಾನೂ."

ಅವರು ತಲೆಯೆತ್ತಿ ಮಾಡಿನ ಹಳದಿ ಕಲೆಯನ್ನು ನೋಡಿದರು. "ನಾನು ಶಿಳ್ಳೆ ಹಾಕ್ಕೊಂಡು ಕೂತಿದ್ನಲ್ಲಮ್ಮ," ಎಂದರು.

"ನಮಗೆ ಇವತ್ತೊಂದಿನ ಕೊಡಿ. ಭಾರ ಇಟ್ಟು ಅಂಟಿಸ್ತೀನಿ."

"ಗಾರೆಯವನಿಗೆ ಬುಧವಾರ ಬಾ ಅಂತೀನಿ," ಎಂದರು ಅವರು. "ಬುಧವಾರಕ್ಕೆ ಒಂದು ಹನಿ ಬಿದ್ರೂ ಆಮೇಲೆ ನನ್ನ ಕೇಳ್ಬೇಡಿ."

ಮಧ್ಯಾಹ್ನವೆಲ್ಲ ಕೆರೆಯುವುದರಲ್ಲೇ ಕಳೆಯಿತು. ಸೊಸೆ ಬ್ಲೇಡಿನಿಂದ ಹಳೆಯ ಸಿಲಿಕಾನನ್ನು ಎಳೆಎಳೆಯಾಗಿ ಕಿತ್ತಳು, ಪಟ್ಟಿ ಎಬ್ಬಿಸಿದಳು, ಸಂದಿನೊಳಗಿನ ಕೊಳೆತ ಚಿಂದಿಯನ್ನು ತಂತಿಯಿಂದ ಎಳೆದು ತೆಗೆದಳು. ಒಂದು ಚಿಂದಿ ಗಂಡನ ಶರ್ಟಿನದು. ಅದರ ಮೇಲೆ ಗುಂಡಿ ಇನ್ನೂ ಇತ್ತು. ಅತ್ತೆ ಅದನ್ನು ನೋಡಿದಳು, ಸೊಸೆಯೂ ನೋಡಿದಳು, ಉಳಿದ ಚಿಂದಿಗಳ ಜೊತೆ ಅದೂ ಕಸದ ಬುಟ್ಟಿಗೆ ಹೋಯಿತು. ಗಾಜು ಸುತ್ತಿ ಕಳಿಸಲು ಅಂಗಡಿಯಲ್ಲಿ ಬಳಸುವ ಫೋಮನ್ನು ಹಗ್ಗದ ಹಾಗೆ ಸುರುಳಿ ಮಾಡಿ ಸಂದಿನೊಳಗೆ ಬಿಗಿಯಾಗಿ ತುರುಕಿದಳು. ಈಗ ಸಿಲಿಕಾನ್ ಕೆಳಗಿಳಿದು ಮಾಯವಾಗುವ ಹಾಗಿರಲಿಲ್ಲ. ಎಲ್ಲವನ್ನೂ ಒರೆಸಿ, ಒಣಗಲು ಬಿಟ್ಟಳು.

ಸಂಜೆಯ ಬಿಸಿಲು ಬಚ್ಚಲ ಕಿಂಡಿಗೆ ಬರುವ ಹೊತ್ತಿಗೆ ಅತ್ತೆ ಸ್ವೆಟರು, ಕಾಲುಚೀಲ ಹಾಕಿಕೊಂಡು, ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಒಣ ಟಬ್ಬಿನಲ್ಲಿ ಕಾಲು ಚಾಚಿ ಕೂತಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವಳ ಹಾಗಿದ್ದಳು.

"ಮೂಗು ಕೆರ್ಕೋಬಹುದಾ?"

"ಮೂಗು ಕೆರ್ಕೊಳ್ಳಿ. ಕಾಲು ಅಲ್ಲಾಡಿಸ್ಬೇಡಿ."

"ಸೀನು ಬಂದ್ರೆ?"

"ನುಂಗಿ."

ಸೊಸೆ ಪಟ್ಟಿಯನ್ನು ಕೂರಿಸಿ, ಎರಡೂ ಕಡೆ ಕಾಗದದ ಟೇಪು ಹಚ್ಚಿ, ಗನ್ನು ಹಿಡಿದು ಉಸಿರು ಬಿಗಿಹಿಡಿದು ಎಳೆಯತೊಡಗಿದಳು. ಟಬ್ಬಿನ ಕಡೆಯ ಗೆರೆ ಎಳೆಯಲು ಅತ್ತೆಯ ಎದೆಯ ಮೇಲೆ ಹಾದು ಬಗ್ಗಬೇಕಾಗಿತ್ತು. ಅವಳ ಮೊಣಕೈ ಅತ್ತೆಯ ಹೆಗಲಿಗೆ ಊರಿತು. ಅತ್ತೆ ಹೆಗಲನ್ನು ಗಟ್ಟಿ ಮಾಡಿಕೊಂಡಳು. ಕೊನೆಯಲ್ಲಿ ಬೆರಳನ್ನು ಸೋಪಿನ ನೀರಿಗೆ ಅದ್ದಿ ಗೆರೆಯ ಮೇಲೆ ಒಂದೇ ಸಮ ಎಳೆದು, ಟೇಪು ಬಿಡಿಸಿದಳು.

"ಆಯ್ತಾ?"

"ಎಳೆದಿದ್ದು ಆಯ್ತು. ಒಣಗ್ಬೇಕು. ನಾಳೆ ಬೆಳಗಿನ ತನಕ."

"ನಾಳೆ ಬೆಳಗಿನ ತನಕ ನಾನು ಇಲ್ಲೇನಾ?"

ಇದನ್ನು ಸೊಸೆ ಯೋಚಿಸಿಯೇ ಇರಲಿಲ್ಲ. ಅಂಗಡಿಯಲ್ಲಿ ಭಾರಕ್ಕಿಡುವ ಕಬ್ಬಿಣದ ತುಂಡುಗಳಿಗೆ ಮಂಡಿಯಿಲ್ಲ, ಹಸಿವಿಲ್ಲ. ಅತ್ತೆ ಈಗ ಎದ್ದರೆ ಟಬ್ಬು ಮೇಲೆ ಬರುತ್ತದೆ, ಹಸಿ ಗೆರೆ ಹಿಚುಕಿಹೋಗುತ್ತದೆ. ಅವಳು ಗನ್ನು ಹಿಡಿದುಕೊಂಡೇ ನಿಂತಳು. ಆಗ ಬಾಗಿಲ ಹೊರಗೆ ಕೆಮ್ಮು ಕೇಳಿಸಿತು.

"ಒಳಗೆ ಬರ್ಬಹುದಾ? ಅಮ್ಮ ಇದಾರಾ?" ಗಡಿಯಾರದವರು ಬೇರೆ ಕಡೆ ಮುಖ ತಿರುಗಿಸಿಕೊಂಡೇ ಒಳಗೆ ಬಂದರು.

"ಬನ್ನಿ, ಮೈ ತುಂಬ ಬಟ್ಟೆ ಇದೆ," ಎಂದಳು ಅತ್ತೆ. "ಮದುವೆಮನೆಗೂ ನಾನು ಇಷ್ಟು ಬಟ್ಟೆ ಹಾಕ್ಕೊಂಡು ಹೋಗಿಲ್ಲ."

ಸೊಸೆ ಪೇಚು ವಿವರಿಸಿದಳು. ಅವರು ಟಬ್ಬನ್ನೂ ಅತ್ತೆಯನ್ನೂ ಬಾಗಿಲ ಬಳಿಯ ಬಕೆಟ್ಟನ್ನೂ ಒಂದೊಂದಾಗಿ ನೋಡಿದರು. "ಟಬ್ಬಲ್ಲಿ ನೀರು ನಿಲ್ಲಲ್ಲ. ಬಕೆಟ್ಟಲ್ಲಿ ನಿಲ್ಲತ್ತಲ್ಲ," ಎಂದರು. ಆಮೇಲೆ ಸಂಕೋಚದಿಂದ, "ಅಮ್ಮಾ, ತಾವು ಸುಮಾರು ಎಷ್ಟು ತೂಕ?"

"ಹೆಂಗಸರನ್ನ ಕೇಳೋ ಮಾತಾ ಇದು? ನೀವು ತುಂಬಿಸ್ತಾ ಹೋಗಿ, ಸಾಕು ಅನ್ನಿಸಿದಾಗ ನಾನೇ ಹೇಳ್ತೀನಿ."

ಮನೆಯ ಪಾತ್ರೆಗಳೆಲ್ಲ ಹೊರಟವು. ಬಕೆಟ್ಟುಗಳು, ಕುಕ್ಕರು, ಅನ್ನದ ಪಾತ್ರೆ, ಹಾಲಿನ ಪಾತ್ರೆ, ಅಕ್ಕಿಯ ಡಬ್ಬಿ ಅಕ್ಕಿಯ ಸಮೇತ. ಸೊಸೆ ನೀರು ತುಂಬಿ ತಂದರೆ ಗಡಿಯಾರದವರು ಉಸಿರು ಬಿಗಿಹಿಡಿದು, ಚಕ್ರ ಕೂರಿಸುವ ಜಾಗರೂಕತೆಯಿಂದ, ಅತ್ತೆಯ ಕಾಲಿನ ಅಕ್ಕಪಕ್ಕ ಒಂದೊಂದನ್ನೇ ಇಳಿಸಿದರು. ಇಲ್ಲಿಯ ಪಾತ್ರೆ ಮುಗಿದಾಗ ಕೆಳಗಿನಿಂದ ತಮ್ಮವನ್ನೂ ಹೊತ್ತು ತಂದರು. ಅವರ ಮನೆಯಲ್ಲಿ ಇಷ್ಟು ದೊಡ್ಡ ಪಾತ್ರೆಗಳಿವೆಯೆಂದು ಅವರಿಗೇ ಮರೆತುಹೋಗಿತ್ತಂತೆ. ಕೊನೆಗೆ ಅತ್ತೆ ನೀರು ತುಂಬಿದ ಪಾತ್ರೆಗಳ ನಡುವೆ ಮೊಣಕಾಲು ಮಡಚಿಕೊಂಡು ಕೂತಳು. ಇನ್ನೊಂದು ಚೊಂಬು ಇಡಲೂ ಜಾಗವಿರಲಿಲ್ಲ.

"ನಾನು ಏನಾದ್ರೂ ತಿನ್ನೋಕೆ ತರ್ತೀನಿ," ಎಂದರು ಗಡಿಯಾರದವರು. "ಇವತ್ತು ಎರಡೂ ಮನೇಲಿ ಒಲೆ ಹಚ್ಚೋಕೆ ಪಾತ್ರೆ ಇಲ್ಲ." ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು.

"ಈಗ ಏಳಿ, ಮೆಲ್ಲಗೆ."

ಅತ್ತೆ ಅಂಚು ಹಿಡಿದು ನೋಡಿದಳು. ಕಾಲು ಜೋಮು ಹಿಡಿದಿತ್ತು. ಮೇಲಿನಿಂದ ಎಳೆದರೆ ಆಗುವ ಕೆಲಸವಾಗಿರಲಿಲ್ಲ. ಸೊಸೆ ಕುಕ್ಕರಿನ ಪಕ್ಕ ಒಂದು ಪಾದ, ಅಕ್ಕಿ ಡಬ್ಬಿಯ ಪಕ್ಕ ಇನ್ನೊಂದು ಪಾದ ಇಟ್ಟು ತಾನೇ ಟಬ್ಬಿನೊಳಗಿಳಿದು, ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಅತ್ತೆ ಎದ್ದು ನಿಂತು ಅವಳ ಭುಜಗಳನ್ನು ಹಿಡಿದುಕೊಂಡಳು. ಇಷ್ಟು ಹತ್ತಿರದಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ.

"ಅಲ್ಲಾಡ್ಬೇಡಿ. ಕಾಲಿಗೆ ರಕ್ತ ಬರ್ಲಿ."

"ನಾನೆಲ್ಲಿ ಅಲ್ಲಾಡ್ತಿದೀನಿ. ನೀನೇ ನಡುಗ್ತಿದೀಯಾ." ಅತ್ತೆ ಗೋಡೆಯ ಕಡೆ ತಲೆ ತಿರುಗಿಸಿದಳು. "ಇಲ್ಲೊಂದು ಹಿಡಿ ಹಾಕಿಸು, ಕಬ್ಬಿಣದ್ದು. ಹಿಡ್ಕೊಂಡು ಏಳೋಕೆ."

"ಬುಧವಾರ ಸೋರಿದ್ರೆ?"

"ಸೋರಿದ್ರೆ ಕಿತ್ತು ಹಾಕಿಸು. ಸ್ಟೂಲ್ ಕೊಡ್ತಾರಂತಲ್ಲ. ಹಿಡಿ ಮಾತ್ರ ಬೇಕು, ಸ್ಟೂಲಿಂದ ಏಳೋಕೂ."

ಗೆರೆ ಹಸಿಯಾಗಿತ್ತು, ಯಾರು ಮೊದಲು ಕಾಲೆತ್ತಬೇಕೆಂದು ಇಬ್ಬರಿಗೂ ತೋಚಲಿಲ್ಲ. ಪಾತ್ರೆಗಳ ನಡುವೆ, ಒಬ್ಬರ ತೋಳನ್ನು ಒಬ್ಬರು ಹಿಡಿದುಕೊಂಡು, ಅವರು ಹಾಗೇ ನಿಂತರು. ಅವರ ಸುತ್ತ ಕುಲುಕುತ್ತಿದ್ದ ನೀರು ಬಕೆಟ್ಟಿನಲ್ಲಿ ಮೊದಲು, ಆಮೇಲೆ ಕುಕ್ಕರಿನಲ್ಲಿ, ಕೊನೆಗೆ ಸಣ್ಣ ಹಾಲಿನ ಪಾತ್ರೆಯಲ್ಲಿ, ಒಂದೊಂದಾಗಿ ನಿಂತು ಸಮವಾಯಿತು.